ಐದು ಪದರಿನ ಜಾಡಿ

ಕೊಪ್ಪಳ ಜಿಲ್ಲೆಯಾದ ಮರುವರ್ಷ, ೧೯೯೮ರಲ್ಲಿ, ನನಗೆ ಸರಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿಯ ಕೆಲಸ ಸಿಕ್ಕಿತು. ಶಾಲೆ ಇದ್ದದ್ದು ಅಳವಂಡಿ ಕಡೆಯ ಒಂದು ಹಳ್ಳಿಯಲ್ಲಿ. ನಾನು ಗಂಗಾವತಿಯವಳು, ಕಾಲುವೆ ನೀರಿನ ಪಕ್ಕ ಭತ್ತದ ಗದ್ದೆ ನೋಡುತ್ತ ಬೆಳೆದವಳು. ಇಲ್ಲಿ ಕಣ್ಣು ಹಾಯಿಸಿದಷ್ಟೂ ಎರೆಮಣ್ಣು, ಜೋಳ, ಕಡಲೆ. ಮೊದಲ ಮಳೆಗೆ ನನ್ನ ಚಪ್ಪಲಿಯನ್ನು ಆ ಮಣ್ಣು ನುಂಗಿದಾಗ ಇಡೀ ಶಾಲೆ ನಕ್ಕಿತ್ತು. ಆ ನಗುವಿನಿಂದಲೇ ನನಗೂ ಮಕ್ಕಳಿಗೂ ಪರಿಚಯವಾಯಿತು.

ಶಾಲೆಯಲ್ಲಿ ಪ್ರಯೋಗಾಲಯ ಎಂಬುದು ಇರಲಿಲ್ಲ. ಹೆಡ್‌ಮಾಸ್ತರರ ಕೋಣೆಯಲ್ಲಿ ಒಂದು ಕಪಾಟು ಇತ್ತು, ಅಷ್ಟೇ. ಅದರ ಕೀಲಿ ಅವರ ಉಡಿದಾರದಷ್ಟೇ ಭದ್ರವಾಗಿ ಸೊಂಟದಲ್ಲಿರುತ್ತಿತ್ತು. ಹೆಡ್‌ಮಾಸ್ತರರು ಯಲಬುರ್ಗಾ ಕಡೆಯವರು, ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಪಾಠ ಮಾಡುತ್ತಿದ್ದದ್ದು ಕನ್ನಡ. ವಿಜ್ಞಾನವೆಂದರೆ ಅವರಿಗೆ ಒಡೆಯುವ, ಸುಡುವ, ವಾಸನೆ ಬರುವ ಸಾಮಾನು. ಆ ಕಪಾಟಿನ ಗಾಜಿನಾಚೆ ಮೊಣಕಾಲೆತ್ತರದ ಒಂದು ಅಳತೆ ಜಾಡಿ ನಿಂತಿತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ 'ಜಿ. ರಾಯಚೂರು' ಎಂದು ಹಳೆಯ ಜಿಲ್ಲೆಯ ಹೆಸರು ಬರೆದಿತ್ತು. ಎಷ್ಟು ವರ್ಷದಿಂದ ಅದು ಹೊರಗೆ ಬಂದಿರಲಿಲ್ಲವೋ, ಒಳಗೆ ಜೇಡ ಮನೆ ಮಾಡಿಕೊಂಡಿತ್ತು.

ಒಂಬತ್ತನೆಯ ತರಗತಿಗೆ ಸಾಂದ್ರತೆಯ ಪಾಠ ಬಂತು. ನನ್ನ ಬಿ.ಎಡ್. ಕಾಲದ ಕೈಪಿಡಿಯೊಂದರಲ್ಲಿ ಒಂದು ಚಿತ್ರವಿತ್ತು: ಒಂದೇ ಜಾಡಿಯಲ್ಲಿ ಐದು ದ್ರವ, ಒಂದರ ಮೇಲೊಂದು, ಐದು ಬಣ್ಣ. ಹಲಗೆಯ ಮೇಲೆ ಸೂತ್ರ ಬರೆದರೆ ಮಕ್ಕಳು ಅದನ್ನು ಹಾಡಿನಂತೆ ಬಾಯಿಪಾಠ ಮಾಡಿಬಿಡುತ್ತಾರೆ, ಆದರೆ ಈ ಜಾಡಿಯನ್ನು ಕಣ್ಣಾರೆ ಕಂಡರೆ ಮರೆಯುವುದಿಲ್ಲ ಅನ್ನಿಸಿತು. ಹೆಡ್‌ಮಾಸ್ತರರ ಕೋಣೆಗೆ ಹೋದೆ.

"ಸರ್, ಆ ಜಾಡಿ ಬೇಕಾಗಿತ್ರಿ."

ಅವರು ಕನ್ನಡಕ ತೆಗೆದರು. "ಯಾ ಜಾಡಿ?"

"ಕಪಾಟಿನಾಗಿಂದ್ರಿ. ಪ್ರಯೋಗ ಮಾಡಿ ತೋರಸ್ತೀನಿ."

"ನೋಡ್ರಿ ಟೀಚರ, ನಾ ಈ ಸಾಲಿಗೆ ಬಂದು ಹನ್ನೊಂದು ವರ್ಷ ಆತು. ಒಂದು ಗಾಜಿನ ಸಾಮಾನು ಒಡದಿಲ್ಲ. ಯಾಕ ಅಂದ್ರ, ಒಂದೂ ಹೊರಗ ತಗದಿಲ್ಲ."

ನಾನು ನಗಬಾರದಿತ್ತು, ನಕ್ಕುಬಿಟ್ಟೆ. ಅವರಿಗೂ ನಗು ಬಂತು. ಕೊನೆಗೆ ಒಂದು ಹಾಳೆಯ ಮೇಲೆ 'ಜಾಡಿ ಒಂದು, ಸುಸ್ಥಿತಿಯಲ್ಲಿ ಪಡೆದಿದ್ದೇನೆ' ಎಂದು ಬರೆಸಿ, ಸಹಿ ಹಾಕಿಸಿಕೊಂಡು ಜಾಡಿ ಕೊಟ್ಟರು. ಕೂಸನ್ನು ಒಪ್ಪಿಸುವ ಹಾಗೆ ಎರಡೂ ಕೈಯಿಂದ ಕೊಟ್ಟರು.

ದ್ರವಗಳನ್ನು ನಾನೇ ಹೊಂದಿಸಿದೆ. ಎಲ್ಲಕ್ಕಿಂತ ಕೆಳಗೆ ಗಟ್ಟಿಯಾದ ಬೆಲ್ಲದ ಪಾಕ. ಅದರ ಮೇಲೆ ಉಪ್ಪು ಕರಗುವಷ್ಟೂ ಕರಗಿಸಿದ ನೀರು. ಅದರ ಮೇಲೆ ಬರೀ ನೀರು, ಬಣ್ಣಕ್ಕೆಂದು ಪೇಪರು ತಿದ್ದುವ ಕೆಂಪು ಶಾಯಿ ಎರಡು ಹನಿ. ಆಮೇಲೆ ಹಳದಿ ಶೇಂಗಾ ಎಣ್ಣೆ. ತುದಿಗೆ ಸೀಮೆಎಣ್ಣೆ, ಇಲ್ಲಿನವರ ಬಾಯಲ್ಲಿ ಚಿಮಣಿ ಎಣ್ಣಿ. ರೇಷನ್ ಅಂಗಡಿಯ ಸೀಮೆಎಣ್ಣೆ ಆಗ ನೀಲಿ ಬಣ್ಣದ್ದು, ಹಾಗಾಗಿ ಅದಕ್ಕೆ ಬಣ್ಣ ಹಾಕುವ ಕೆಲಸವೂ ಉಳಿಯಿತು.

ಶನಿವಾರ ಬೆಳಗಿನ ಶಾಲೆ. ನಲವತ್ತು ಮಕ್ಕಳು ಬೆಂಚು ಬಿಟ್ಟು ಮೇಜಿನ ಸುತ್ತ ನಿಂತಿದ್ದರು. ನಾನು ಭಾಷಣದ ಹುಮ್ಮಸ್ಸಿನಲ್ಲಿ ಪಾಕ ಸುರಿದೆ, ಉಪ್ಪುನೀರು ಸುರಿದೆ, ಕೆಂಪು ನೀರನ್ನು ಚೊಂಬಿನಿಂದ ನೇರವಾಗಿ ಒಗೆದೆ. ಅದು ಧುಮುಕಿ ತಳದ ಪಾಕವನ್ನೇ ಕಲಕಿ ಮೇಲೆದ್ದಿತು. ಗಾಬರಿಯಲ್ಲಿ ಎಣ್ಣೆ ಸುರಿದೆ, ಸೀಮೆಎಣ್ಣೆಯನ್ನೂ ಸುರಿದೆ. ಐದು ಪದರು ಇರಬೇಕಾದಲ್ಲಿ ಕೆಳಗೆ ಕೆಮ್ಮಣ್ಣಿನ ಹೊಳೆ, ಮೇಲೆ ಹಸಿರು ಬಣ್ಣದ ಏನೋ ಒಂದು.

ಮಕ್ಕಳು ಕತ್ತು ಚಾಚಿ ನೋಡಿದರು. ಆಮೇಲೆ ಹಿಂದಿನಿಂದ ಒಂದು ದನಿ: "ಟೀಚರ್ರಿ, ಶರಬತ್ ಆತ್ರಿ!"

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು.

ನಾನು ಬಾಡಿಗೆಗಿದ್ದ ಮನೆಯ ಒಡತಿ ಎಪ್ಪತ್ತು ದಾಟಿದ ಮುದುಕಿ. ಊರೆಲ್ಲ ಆಕೆಯನ್ನು ಆಯಿ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಸಂಜೆ ಆಕೆ ದೇವರ ಮುಂದೆ ದೀಪ ಹಚ್ಚಲು ಕೂತಾಗ ನಾನು ಜೋಲು ಮುಖ ಹಾಕಿಕೊಂಡು ಹೊಸ್ತಿಲ ಮೇಲೆ ಕೂತಿದ್ದೆ. ಆಕೆಯ ದೀಪ ಒಂದು ಗಾಜಿನ ಲೋಟ. ಮುಕ್ಕಾಲು ನೀರು, ಮೇಲೆ ಎರಡು ಬೆರಳು ಎಣ್ಣೆ, ಅದರಲ್ಲಿ ತೇಲುವ ಬತ್ತಿ. ಎಣ್ಣೆ ಉಳಿಸುವ ಉಪಾಯ. ಆಕೆ ಚಮಚವನ್ನು ಬೋರಲು ಹಿಡಿದು, ಅದರ ಬೆನ್ನನ್ನು ಲೋಟದ ಗೋಡೆಗೆ ತಾಗಿಸಿ, ಎಣ್ಣೆಯನ್ನು ಅದರ ಮೇಲೆ ಸಣ್ಣಗೆ ಇಳಿಬಿಟ್ಟಳು. ನೀರು ಅಲುಗಲೇ ಇಲ್ಲ.

ನಾನು ಎದ್ದು ಹತ್ತಿರ ಹೋದೆ. "ಆಯಿ, ಇನ್ನೊಮ್ಮೆ ಮಾಡಿ ತೋರಸ್ರಿ."

"ಏನ್ ತೋರ್ಸೂದವ್ವಾ? ದೀಪಕ್ಕ ಎಣ್ಣಿ ಹಾಕೂದು."

"ಅದನ್ನ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹದಿನೇಳು ವರ್ಷ ಕಲ್ತೀನಿ ಅಂತೀದಿ. ಇದನ್ನ ಯಾರೂ ಕಲಿಸ್ಲಿಲ್ಲೇನು?"

ಆ ಸಂಜೆ ಆಯಿಯ ಅಡುಗೆಮನೆಯಲ್ಲಿ ಲೋಟ, ಚಮಚ ಹಿಡಿದು ಅಭ್ಯಾಸ ಮಾಡಿದೆ. ಆಯಿ ಪಕ್ಕದಲ್ಲಿ ಕೂತು ರೊಟ್ಟಿ ಬಡಿಯುತ್ತ, "ಅವಸರ ಮಾಡಬ್ಯಾಡ, ಅವಸರ ಮಾಡಬ್ಯಾಡ" ಎಂದು ಹೇಳುತ್ತಲೇ ಇದ್ದಳು.

ಸೋಮವಾರ ಮತ್ತೆ ಜಾಡಿ ಮೇಜಿಗೆ ಬಂತು. ಈ ಸಲ ಭಾಷಣವಿಲ್ಲ. ಬೋರಲು ಚಮಚದ ಬೆನ್ನಿನ ಮೇಲೆ ಒಂದೊಂದೇ ದ್ರವ ಇಳಿಯಿತು. ಕಂದು, ಅದರ ಮೇಲೆ ಬಣ್ಣವಿಲ್ಲದ ತಿಳಿ, ಕೆಂಪು, ಹಳದಿ, ನೀಲಿ. ಕೊನೆಯ ನೀಲಿ ನಿಂತಾಗ ತರಗತಿಯಿಂದ "ಹೋ" ಎಂಬ ಉದ್ಗಾರ ಎದ್ದಿತು. ಆ ಸದ್ದಿಗೆ ಹೆಡ್‌ಮಾಸ್ತರರು ಏನೋ ಒಡೆಯಿತೆಂದು ಓಡಿ ಬಂದರು. ಬಂದವರು ಜಾಡಿ ನೋಡಿ ಬಾಗಿಲಲ್ಲೇ ನಿಂತರು.

"ಇದಕ್ಕ ನಡುವ ಗಾಜು ಇಟ್ಟೀರೇನ್ರಿ?"

"ಇಲ್ರಿ ಸರ್. ಸುಮ್ನ ನಿಂತಾವ."

ಅವರು ಬಗ್ಗಿ ನೋಡಿದರು, ಸುತ್ತು ಹಾಕಿ ನೋಡಿದರು. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ ಒಂದು ಅಡಿಕೆ ಹೋಳು ತೆಗೆದು, "ಹಾಕಲೇನ್ರಿ?" ಎಂದು ನನ್ನನ್ನೇ ಕೇಳಿದರು. ಹೂಂ ಎಂದೆ. ಅಡಿಕೆ ನೀಲಿ ದಾಟಿತು, ಹಳದಿ ದಾಟಿತು, ಕೆಂಪು ದಾಟಿ ತಿಳಿಯಾದ ಉಪ್ಪುನೀರಿನ ಮೇಲೆ ಹೋಗಿ ನಿಂತಿತು. ಮಕ್ಕಳು ಚಪ್ಪಾಳೆ ಹೊಡೆದರು. ಅಲ್ಲಿಂದ ಶುರುವಾಯಿತು. ಮೇಣದ ಚೂರು ಹಳದಿಯ ಕೆಳಗೆ, ಕೆಂಪಿನ ಮೇಲೆ ನಿಂತಿತು. ಹುಣಸೆಬೀಜ ಪಾಕದವರೆಗೂ ಹೋಯಿತು. ಹೆಡ್‌ಮಾಸ್ತರರು ಆ ದಿನ ತಮ್ಮ ಕನ್ನಡ ತರಗತಿಯನ್ನೇ ಮರೆತರು.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಒಬ್ಬ ಹುಡುಗಿ ನನ್ನ ಬಳಿ ಬಂದಳು. ಒಂಬತ್ತನೆಯ ತರಗತಿಯ ಕೊನೆಯ ಬೆಂಚಿನವಳು. ತಂದೆ-ತಾಯಿ ಇಬ್ಬರೂ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು. ನಾನು ಸೇರಿದ ಮೂರು ತಿಂಗಳಲ್ಲಿ ಅವಳ ದನಿ ಕೇಳಿದ್ದು ಹಾಜರಿಗೆ ಮಾತ್ರ.

"ಟೀಚರ್ರಿ, ಜಾಡ್ಯಾಗ ಮ್ಯಾಲಿನ ಎರಡು ಕೂಡಾಕತ್ಯಾವ್ರಿ."

ಹೋಗಿ ನೋಡಿದೆ. ಹಳದಿಗೂ ನೀಲಿಗೂ ನಡುವೆ ಬೆರಳಗಲದ ಹಸಿರು ಪಟ್ಟಿ ಬಂದಿತ್ತು.

"ಯಾರೋ ಮೇಜು ಅಲುಗಾಡಿಸ್ಯಾರ," ಎಂದೆ. "ಎಣ್ಣಿ ಬ್ಯಾರೆ, ಚಿಮಣಿ ಎಣ್ಣಿ ಬ್ಯಾರೆ. ಸಾಂದ್ರತಾ ಬ್ಯಾರೆ ಇದ್ದದ್ದು ಕೂಡೂದಿಲ್ಲ. ಪುಸ್ತಕದಾಗ ಚಿತ್ರನ ಐತಲ್ಲ."

ಅವಳು ತಲೆಯಾಡಿಸಿ ಹೋದಳು. ಒಪ್ಪಿದಳೆಂದು ತಿಳಿದೆ. ಎರಡು ದಿನ ಬಿಟ್ಟು ಅವಳು ಔಷಧಿಯ ಒಂದು ಖಾಲಿ ಸೀಸೆ ತಂದು ನನ್ನ ಮೇಜಿನ ಮೇಲೆ ಇಟ್ಟಳು. ಒಳಗೆ ಹಸಿರು ದ್ರವ.

"ಎಣ್ಣಿ, ಚಿಮಣಿ ಎಣ್ಣಿ ಹಾಕಿ ಕುಲುಕೀನ್ರಿ. ನಿನ್ನೆ ಮುಂಜಾನಿಯಿಂದ ಇಟ್ಟೀನಿ. ಬ್ಯಾರೆ ಆಗವಲ್ವು."

"ಮನ್ಯಾಗ ಬೈಲಿಲ್ಲೇನ?"

"ಬೈದ್ರಿ. ಎರಡೂ ಎಣ್ಣಿ ಕೆಡಿಸಿದಿ ಅಂತ ಅವ್ವ ಬೆನ್ನತ್ತಿ ಬಂದ್ಲು. ಇಷ್ಟು ನಿಮಗ ತೋರ್ಸಾಕ ಮುಚ್ಚಿಟ್ಟಿದ್ದೆ. ಉಳಿದದ್ದು ದೀಪಕ್ಕ ಹಾಕಿದ್ಲು, ಛಲೋ ಉರೀತ್ರಿ."

ಅವಳು ನಗಲಿಲ್ಲ. ಉತ್ತರಕ್ಕೆ ಕಾಯುತ್ತ ನಿಂತಳು. ಓದಿ ಹೇಳತೀನಿ ಎಂದು ಸೀಸೆ ಇಟ್ಟುಕೊಂಡೆ. ಆ ವಾರ ಗಂಗಾವತಿಗೆ ಹೋದಾಗ ಅಟ್ಟದ ಮೇಲಿನ ಡಬ್ಬದಿಂದ ಪದವಿಯ ಪುಸ್ತಕ ಇಳಿಸಿ ಓದಿದೆ. ನಾನು ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದು, ಮರೆತ ಪಾಠವೇ ಅದು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಸಾಂದ್ರತೆ ಹೇಳುತ್ತದೆ. ಎರಡು ಬೆರೆಯುತ್ತವೋ ಇಲ್ಲವೋ ಎಂಬುದು ಬೇರೆಯದೇ ಮಾತು. ಎಣ್ಣೆಗೂ ಸೀಮೆಎಣ್ಣೆಗೂ ಒಂದೇ ಜಾತಿಯ ಗುಣ, ಅವು ಬೆರೆಯುತ್ತವೆ. ಮೆಲ್ಲಗೆ ಸುರಿದದ್ದರಿಂದ ಸ್ವಲ್ಪ ಹೊತ್ತು ಬೇರೆಯಾಗಿ ನಿಂತಿದ್ದವು, ಅಷ್ಟೇ.

ಸೋಮವಾರ ತರಗತಿಗೆ ಹೋಗಿ, "ನಾ ಹೇಳಿದ್ದು ತಪ್ಪಿತ್ತು. ಇಕಿ ಹೇಳಿದ್ದು ಖರೆ," ಎಂದು ಹೇಳಿದೆ. ಸೀಸೆಯನ್ನು ಎಲ್ಲರಿಗೂ ತೋರಿಸಿದೆ. ಕೊನೆಯ ಬೆಂಚಿನ ಹುಡುಗಿ ಕೆಂಪಾಗಿ ತಲೆ ತಗ್ಗಿಸಿದಳು. ವಿಷಯ ಮಧ್ಯಾಹ್ನದ ಹೊತ್ತಿಗೆ ಹೆಡ್‌ಮಾಸ್ತರರಿಗೆ ಮುಟ್ಟಿತು. ಅವರು ನನ್ನನ್ನು ಕರೆದು ಮೆಲ್ಲಗೆ ಹೇಳಿದರು:

"ಟೀಚರ, ಹುಡುಗೂರ ಮುಂದ ತಪ್ಪಾತು ಅನಬಾರದು. ನಾಳಿ ನಿಮ್ಮ ಮಾತು ಯಾರು ಕೇಳತಾರ?"

"ಮತ್ತ ಏನ್ ಮಾಡಬೇಕಿತ್ರಿ ಸರ್?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದು ನನಗೂ ಗೊತ್ತಿಲ್ಲ ನೋಡ್ರಿ," ಎಂದರು.

ಅದೇ ತಿಂಗಳು ಕೊಪ್ಪಳದಲ್ಲಿ ವಿಜ್ಞಾನ ವಸ್ತುಪ್ರದರ್ಶನ ಏರ್ಪಾಡಾಯಿತು. ಹೊಸ ಜಿಲ್ಲೆ, ಎಲ್ಲರಿಗೂ ಉಮೇದು. ಕುಷ್ಟಗಿ, ಯಲಬುರ್ಗಾ, ಗಂಗಾವತಿಯಿಂದಲೂ ಶಾಲೆಗಳು ಬರುವವು ಎಂದು ತಿಳಿಯಿತು. ನಮ್ಮ ಶಾಲೆಯಿಂದ ಯಾರೂ ಯಾವತ್ತೂ ಇಂಥದ್ದಕ್ಕೆ ಹೋಗಿರಲಿಲ್ಲ. ನಾನು ಆ ಹುಡುಗಿಯನ್ನು ಕೇಳಿದೆ. ಅವಳು ಬರುತ್ತೇನೆ ಎಂದೂ ಹೇಳಲಿಲ್ಲ, ಒಲ್ಲೆ ಎಂದೂ ಹೇಳಲಿಲ್ಲ. ಆದರೆ ಮರುದಿನದಿಂದ ಶಾಲೆ ಬಿಟ್ಟ ಮೇಲೆ ಉಳಿದು ಚಮಚದಿಂದ ಸುರಿಯುವುದನ್ನು ಕಲಿಯತೊಡಗಿದಳು. ಅವಳ ಕೈ ನನ್ನ ಕೈಗಿಂತ ಸ್ಥಿರ. ನಾಲ್ಕನೆಯ ದಿನಕ್ಕೆ ಅವಳ ಪದರುಗಳ ನಡುವಿನ ಗೆರೆ ಪಟ್ಟಿ ಹಿಡಿದು ಎಳೆದ ಹಾಗಿತ್ತು.

ಹೊರಡುವ ದಿನ ಹೆಡ್‌ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಾವೂ ಬಸ್ಸಿಗೆ ಬಂದರು. ಜಾಡಿಯನ್ನು ಅವರು ಯಾರ ಕೈಗೂ ಕೊಡಲಿಲ್ಲ. ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ಕೂತರು. ರಸ್ತೆಯ ಪ್ರತಿ ಗುಂಡಿಗೂ, "ಡ್ರೈವರ್ ಸಾಹೇಬ್ರ, ಸಾವಕಾಶರೀ, ಗಾಜೈತಿ!" ಎಂದು ಕೂಗುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಟವೆಲು ನೋಡಿ, "ಎಷ್ಟು ತಿಂಗಳ ಕೂಸ್ರಿ?" ಎಂದು ಕೇಳಿದಳು. ಹುಡುಗಿ ಕಿಟಕಿಯ ಕಡೆ ತಿರುಗಿ ಕಿಸಕ್ಕನೆ ನಕ್ಕಳು. ಅವಳು ನಕ್ಕದ್ದನ್ನು ನಾನು ಮೊದಲು ಕೇಳಿದ್ದು ಆ ಬಸ್ಸಿನಲ್ಲಿ.

ಪ್ರದರ್ಶನದ ಸಭಾಂಗಣದಲ್ಲಿ ನಮ್ಮ ಬಲಕ್ಕೆ ಹೊಗೆಯುಗುಳುವ ಜ್ವಾಲಾಮುಖಿ, ಎಡಕ್ಕೆ ತುಂಗಭದ್ರಾ ಅಣೆಕಟ್ಟು, ಅದರಲ್ಲಿ ನಿಜವಾದ ನೀರು, ನಿಜವಾದ ಬಾಗಿಲು. ನಮ್ಮ ಮೇಜಿನ ಮೇಲೆ ಐದು ಸೀಸೆ, ಒಂದು ಜಾಡಿ, ಒಂದು ಚಮಚ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹುಡುಗಿ ಮಾತ್ರ ಅತ್ತಿತ್ತ ನೋಡದೆ ಸುರಿದಳು. ಐದು ಬಣ್ಣ ನಿಂತವು.

ತೀರ್ಪುಗಾರರು ಬಂದರು. ದಪ್ಪ ಮೀಸೆಯ, ಗಂಭೀರ ಮುಖದ ಹಿರಿಯರು, ಕೈಯಲ್ಲಿ ಅಂಕಪಟ್ಟಿ. ಬಗ್ಗಿ ನೋಡಿದರು.

"ಛಲೋ ಮಾಡೀದಿ. ಯಾಕ ಹಿಂಗ ನಿಂತಾವ ಹೇಳು ನೋಡೋಣ."

ಅವಳು ಸಾಂದ್ರತೆಯನ್ನು ಹೇಳಿದಳು. ದನಿ ಸಣ್ಣದಿದ್ದರೂ ತಡವರಿಸಲಿಲ್ಲ.

"ಹೌದು. ಈಗ ಇದನ್ನ ಕುಲುಕಿ ಇಟ್ರ, ಮತ್ತ ಐದೂ ತಂತಮ್ಮ ಜಾಗಕ್ಕ ಬರ್ತಾವ. ಅಲ್ಲೇನು?"

ಅದು ಪ್ರಶ್ನೆಯಾಗಿರಲಿಲ್ಲ. ಅಂಕ ಬರೆಯಲು ಪೆನ್ನು ಆಗಲೇ ಹಾಳೆಯ ಮೇಲಿತ್ತು. ಹೌದ್ರಿ ಎಂದರೆ ಮುಗಿಯುತ್ತಿತ್ತು.

"ಇಲ್ರಿ," ಎಂದಳು ಹುಡುಗಿ.

ಪೆನ್ನು ನಿಂತಿತು. "ಏನು?"

"ಬರೂದಿಲ್ರಿ. ಎರಡ ಆಕ್ಕಾವ್ರಿ."

ನನ್ನ ಕೈ ತಾನಾಗಿ ಅವಳ ತೋಳಿನ ಕಡೆ ಹೋಯಿತು. ಸುಮ್ಮನಿರು ಎನ್ನಬೇಕೆಂದಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ನನ್ನ ತಪ್ಪನ್ನು ತಿದ್ದಿದವಳು ಅವಳೇ, ಅವಳು ಹೇಳುತ್ತಿರುವುದು ನಿಜವೆಂದೂ ಗೊತ್ತು, ಆದರೂ ದೊಡ್ಡವರ ಎದುರು ಮಾತು ಬೆಳೆಯುವುದು ಬೇಡ ಎಂಬ ಅಂಜಿಕೆ. ನಾನು ಮುಟ್ಟುವ ಮೊದಲೇ ಹೆಡ್‌ಮಾಸ್ತರರು ಹಿಂದಿನಿಂದ ಮುಂದೆ ಬಂದರು.

"ಸಾಹೇಬ್ರ, ಆಕಿ ಮಾಡಿ ನೋಡ್ಯಾಳ್ರಿ. ಕುಲುಕಿ ನೋಡ್ರಿ ಬೇಕಂದ್ರ. ಆದ್ರ ಜಾಡಿ ಜ್ವಾಕಿ."

ತೀರ್ಪುಗಾರರು ಜಾಡಿಯ ಬಾಯಿಯನ್ನು ಅಂಗೈಯಿಂದ ಮುಚ್ಚಿ ಎರಡು ಸಲ ಚೆನ್ನಾಗಿ ಕುಲುಕಿ ಮೇಜಿನ ಮೇಲಿಟ್ಟರು. ಜ್ವಾಲಾಮುಖಿಯವರು ಬಂದರು, ಅಣೆಕಟ್ಟಿನವರೂ ಬಂದರು. ಹೆಡ್‌ಮಾಸ್ತರರು ಕೈಗಡಿಯಾರ ನೋಡುತ್ತ ನಿಂತರು. ಮೊದಲು ಎಲ್ಲವೂ ಒಂದೇ ರಾಡಿ. ನಿಧಾನವಾಗಿ ಗುಳ್ಳೆಗಳು ಮೇಲೇರತೊಡಗಿದವು. ಹತ್ತು ನಿಮಿಷವಾಯಿತು. ಜಾಡಿಯಲ್ಲಿ ಒಂದೇ ಒಂದು ಗೆರೆ. ಕೆಳಗೆ ಕೆಂಗಂದು, ಮೇಲೆ ಹಸಿರು. ಮತ್ತೂ ಐದು ನಿಮಿಷ ಕಾದರೂ ಎರಡು ಎರಡಾಗಿಯೇ ಉಳಿದವು.

ತೀರ್ಪುಗಾರರು ಮೀಸೆಯ ಮೇಲೆ ಬೆರಳಾಡಿಸಿದರು. "ಯಾಕ ಹಿಂಗಾತು?"

"ಪಾಕ, ಉಪ್ಪಿನ ನೀರು, ಕೆಂಪು ನೀರು, ಎಲ್ಲಾ ನೀರಿನ ಬಳಗರಿ. ಕೂಡಿಬಿಟ್ಟು ಅಂದ್ರ ಮತ್ತ ಅಗಲೂದಿಲ್ಲ. ಇವೆರಡು ಎಣ್ಣಿ ಬಳಗರಿ. ಬಳಗ ಬಳಗ ಅಷ್ಟ ಬ್ಯಾರೆ ನಿಲ್ಲತಾವ್ರಿ."

"ಇದನ್ನ ನಿಮ್ಮ ಟೀಚರ್ ಹೇಳಿಕೊಟ್ರೇನು?"

"ಇಲ್ರಿ. ಟೀಚರ್ ಮೊದಲ ತಪ್ಪು ಹೇಳಿದ್ರಿ. ಆಮ್ಯಾಲೆ ತಿದ್ದಿಕೊಂಡ್ರಿ."

ನೆಲ ಬಿರಿಯಬಾರದೇ ಅನ್ನಿಸಿತು. ಸುತ್ತಲಿದ್ದವರು ನನ್ನ ಕಡೆ ತಿರುಗಿದರು. ತೀರ್ಪುಗಾರರು ನನ್ನನ್ನು ನೋಡಿದರು, ಜಾಡಿ ನೋಡಿದರು, ಆಮೇಲೆ ಜೋರಾಗಿ ನಕ್ಕರು.

"ಹಂಗಾದ್ರ ನಾನೂ ತಿದ್ದಿಕೋತೀನಿ ಬಿಡವಾ," ಎಂದರು.

ನಮಗೆ ಎರಡನೆಯ ಬಹುಮಾನ ಬಂತು. ಮೊದಲನೆಯದು ಅಣೆಕಟ್ಟಿಗೆ ಹೋಯಿತು. ಅದು ನ್ಯಾಯವಾಗಿಯೇ ಇತ್ತು, ಆ ಮಕ್ಕಳು ಬಾಗಿಲು ಎತ್ತಿದಾಗ ನಾನೂ ಬಾಯಿ ಬಿಟ್ಟು ನೋಡಿದ್ದೆ. ಹುಡುಗಿಗೆ ಒಂದು ಕಂಪಾಸ್ ಪೆಟ್ಟಿಗೆ ಮತ್ತು ಪ್ರಮಾಣಪತ್ರ ಕೊಟ್ಟರು. ಬಸ್‌ಸ್ಟ್ಯಾಂಡಿನ ಹೊರಗೆ ಹೆಡ್‌ಮಾಸ್ತರರು ನಮಗೆ ಮಿರ್ಚಿ ಬಜ್ಜಿ, ಮಂಡಾಳು ಎಂದು ಕರೆಯುವ ಮಂಡಕ್ಕಿ ತಿನ್ನಿಸಿದರು. ಎಣ್ಣೆಯಲ್ಲಿ ಮಿರ್ಚಿ ತೇಲುವುದನ್ನು ನೋಡುತ್ತ, "ಹಸಿ ಹಿಟ್ಟು ಮೊದಲ ತಳಾ ಮುಟ್ಟಿ, ಆಮ್ಯಾಲೆ ಮ್ಯಾಲೆ ಬರ್ತೈತಿ. ಯಾಕಿರಬಹುದ್ರಿ ಟೀಚರ?" ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಹುಡುಗಿ ಒಳಗಿನ ನೀರು ಆವಿಯಾಗುವುದನ್ನು ಕುರಿತು ಹೇಳತೊಡಗಿದಳು. ಮಿರ್ಚಿ ಕರಿಯುವವನು ಎಣ್ಣೆ ಸೋಸುವ ಜಾರಾ ಹಿಡಿದುಕೊಂಡೇ ಕೇಳುತ್ತ ನಿಂತ.

ಹುಡುಗಿಯನ್ನು ಮನೆಗೆ ಬಿಡಲು ನಾವಿಬ್ಬರೂ ಹೋದೆವು. ಇನ್ನೂ ಬೆಳಕಿತ್ತು. ಅವಳ ತಾಯಿ ಆಗಷ್ಟೇ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದಳು. ಪ್ರಮಾಣಪತ್ರವನ್ನು ಒದ್ದೆ ಕೈಯಿಂದ ಮುಟ್ಟಲಿಲ್ಲ, ಸೆರಗಿನಲ್ಲಿ ಕೈ ಒರೆಸಿಕೊಂಡು ಹಿಡಿದಳು.

"ಇದು ಯಾತಕ್ಕ ಕೊಟ್ಟಾರ್ರಿ?"

"ಎಣ್ಣಿ, ನೀರು ಕೂಡ್ಸಿದ್ದಕ್ಕ," ಎಂದರು ಹೆಡ್‌ಮಾಸ್ತರರು.

"ಅಯ್ಯ ನನ್ ಶಿವನ! ಆವತ್ತು ಅದಕ್ಕ ನಾ ಹೊಡ್ಯಾಕ ಹೋಗಿದ್ದೆ."

ಎಲ್ಲರೂ ನಕ್ಕೆವು, ಅವಳು ಎಲ್ಲರಿಗಿಂತ ಹೆಚ್ಚು ನಕ್ಕಳು. ಕಂಬಳಿ ಹಾಸಿ ಕೂರಿಸಿದಳು. ಬೇಡವೆಂದರೂ ಕೇಳದೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ ಕೊಟ್ಟಳು. ಹಿಂಡಿಯ ನಡುವೆ ಕುಳಿ ಮಾಡಿ ಎಣ್ಣೆ ಹಾಕುವಾಗ ಕೈ ಬಿಗಿ ಹಿಡಿಯಲಿಲ್ಲ.

ಆ ಶಾಲೆಯಲ್ಲಿ ನಾನು ಆರು ವರ್ಷ ಇದ್ದೆ. ಹುಡುಗಿ ಹತ್ತನೆಯ ತರಗತಿ ಮುಗಿಸಿ ಕೊಪ್ಪಳಕ್ಕೆ ಹೋಗಿ ವಿಜ್ಞಾನವನ್ನೇ ತೆಗೆದುಕೊಂಡಳು. ಊರಿಗೆ ಬಂದಾಗಲೆಲ್ಲ ಶಾಲೆಯ ಕಡೆ ಬಂದು, ಅಲ್ಲಿನ ಲ್ಯಾಬಿನಲ್ಲಿ ಏನೇನಿದೆ ಎಂದು ವರದಿ ಒಪ್ಪಿಸುತ್ತಿದ್ದಳು. ಒಮ್ಮೆ ಹಾಗೆ ಬಂದಾಗ ನಾನು ಹಲಗೆಯ ಮೇಲೆ ಬರೆದ ಒಂದು ಸಮೀಕರಣವನ್ನು ಬಾಗಿಲಿನಿಂದಲೇ ಓದಿ, ಮಕ್ಕಳು ಕೇಳದ ಹಾಗೆ ಮೆಲ್ಲಗೆ, "ಟೀಚರ್ರಿ, ಅಲ್ಲಿ ಎರಡರ ಅಂಕಿ ಬಿಟ್ಟೀರ್ರಿ," ಎಂದಳು. ನಾನು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆ.